ಎಣ್ಣೆ ಮಡ್‌ಗೆ ಯಾವ ಎಮಲ್ಸಿಫೈಯರ್? ನನ್ನ ಓಟು ಪಾಲಿಅಮೈಡ್‌ಗೆ

ಬಿಸಿ ಬಾವಿಗೆ ಎಣ್ಣೆ ಮಡ್ (ತೈಲಬಾವಿ ಕೊರೆಯುವಾಗ ಒಳಗೆ ಹರಿಸುವ, ಎಣ್ಣೆಯಿಂದ ಮಾಡಿದ ದ್ರವ) ಕಲಸುವಾಗ ನನಗೆ ಪಾಲಿಅಮೈಡ್ ಎಮಲ್ಸಿಫೈಯರ್ ಬೇಕೇ ಬೇಕು. ಪೈನ್ ಮರದಿಂದ ಸಿಗುವ ಟಾಲ್ ಆಯಿಲ್ ಫ್ಯಾಟಿ ಆಸಿಡ್‌ನಲ್ಲೂ ಕೆಲಸ ಮಾಡಿದ್ದೇನೆ. ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರನ್ನು ಸಣ್ಣ ಹನಿಗಳಾಗಿ ಎಣ್ಣೆಯೊಳಗೆ ಹಿಡಿದಿಡುವುದೇ ಎರಡರ ಕೆಲಸ. ಕಷ್ಟ ಬಂದಾಗ ಯಾವುದು ಕೈಬಿಡುವುದಿಲ್ಲ ಅನ್ನುವುದು ಮುಖ್ಯ, ಅಲ್ವಾ?

ಫ್ಯಾಟಿ ಆಸಿಡ್ ಒಂದೇ ಇದ್ದರೆ ಸಾಲದು. ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸೋಪ್ ಆದಮೇಲೇ ಅದಕ್ಕೆ ಹಿಡಿತ ಬರುತ್ತದೆ. ಹಾಗಾಗಿ ಮಡ್‌ನಲ್ಲಿ ಯಾವಾಗಲೂ ಒಂದಿಷ್ಟು ಸುಣ್ಣ ಮಿಕ್ಕಿರಬೇಕು. ನನಗೆ ತಲೆನೋವು ಶುರುವಾದದ್ದು ಇಲ್ಲೇ.

ಒಂದು ಬಾವಿಯಲ್ಲಿ ಕಲ್ಲಿನ ಪದರದಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಬಂತು. ಅದು ಸುಣ್ಣವನ್ನು ತಿಂದುಹಾಕಿತು. ಎಲೆಕ್ಟ್ರಿಕಲ್ ಸ್ಟೆಬಿಲಿಟಿ (ಹನಿಗಳು ಎಣ್ಣೆಯೊಳಗೆ ಎಷ್ಟು ಗಟ್ಟಿಯಾಗಿ ನಿಂತಿವೆ ಎಂದು ತೋರಿಸುವ ವೋಲ್ಟೇಜ್ ಅಂಕಿ) ದಿನೇ ದಿನೇ ಇಳಿಯತೊಡಗಿತು. ಮಾಲು ಕೊಟ್ಟವರು ಇನ್ನೂ ಎಮಲ್ಸಿಫೈಯರ್ ಸುರಿಯಿರಿ ಅಂದರು. ಸುರಿದರೂ ಪ್ರಯೋಜನವಿಲ್ಲ. ಆಮೇಲೆ ಎಚ್‌ಪಿಎಚ್‌ಟಿ ಫಿಲ್ಟ್ರೇಟ್‌ನಲ್ಲಿ, ಅಂದರೆ ಹೆಚ್ಚು ಒತ್ತಡ, ಹೆಚ್ಚು ಬಿಸಿಯಲ್ಲಿ ಮಡ್ ಸೋಸಿದಾಗ ಇಳಿಯುವ ದ್ರವದಲ್ಲಿ, ಎಣ್ಣೆಯ ಕೆಳಗೆ ನೀರು ಕಾಣಿಸಿತು. ಮಡ್‌ನ ಹೊಳಪು ಹೋಗಿ ತರಿತರಿಯಾಯಿತು. ಮಡ್‌ಗೆ ತೂಕ ಕೊಡುವ ಬ್ಯಾರೈಟ್ ಪುಡಿಯ ಮೈಗೆ ನೀರು ಹತ್ತಿ ಕಣಗಳು ಒಂದಕ್ಕೊಂದು ಅಂಟಿಕೊಂಡವು. ಕಲ್ಲಿನ ಚೂರು ಸೋಸುವ ಶೇಕರ್ ಜಾಲರಿ ಕಟ್ಟಿಕೊಂಡು ದುಬಾರಿ ಮಡ್ ಅಂಚಿನಿಂದ ಹೊರಗೆ ಹರಿಯಿತು.

ಸುಣ್ಣ ಮತ್ತು ಬ್ಯಾರೈಟ್‌ಗೆ ಎಣ್ಣೆ ಹತ್ತಿಸುವ ವೆಟಿಂಗ್ ಏಜೆಂಟ್ ಹಾಕಿದ ಮೇಲೆ ಸರಿಹೋಯಿತು, ಆದರೆ ತಕ್ಷಣ ಅಲ್ಲ. ಕೊರೆಯುವ ಬಿಟ್‌ನ ನಾಜಲ್ ಮೂಲಕ ಹಲವು ಸುತ್ತು ಹೋಗಿ ಚೆನ್ನಾಗಿ ಕಡೆದ ಮೇಲಷ್ಟೇ ಹನಿಗಳು ಮತ್ತೆ ಸಣ್ಣದಾದವು. ಫ್ಯಾಟಿ ಆಸಿಡ್ ಬಳಸುವವರು ಮಿಕ್ಕ ಸುಣ್ಣ ಎಷ್ಟಿದೆ ಎಂದು ಆಗಾಗ ಟೈಟ್ರೇಟ್ ಮಾಡಿ ನೋಡಲೇಬೇಕು.

ಎಲೆಕ್ಟ್ರಿಕಲ್ ಸ್ಟೆಬಿಲಿಟಿ ಬಗ್ಗೆಯೂ ಒಂದು ಮಾತು. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೋಲ್ಟೇಜ್ ಏರಿಸುತ್ತಾ ಹೋಗಿ, ಕರೆಂಟ್ 61 ಮೈಕ್ರೋಆಂಪ್ ಮುಟ್ಟಿದಾಗಿನ ವೋಲ್ಟೇಜ್ ಬರೆದುಕೊಳ್ಳುತ್ತೇವೆ. ಒಂದು ದಿನದ ಅಂಕಿ ನೋಡಿ ಗಾಬರಿ ಬೇಡ. ಹೊಸ ಮಡ್‌ನಲ್ಲಿ ಅದು ಕಡಿಮೆಯೇ ಇರುತ್ತದೆ. ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದನ್ನು ನೋಡಬೇಕು.

ಪಾಲಿಅಮೈಡ್ ಮಾಡುವುದೂ ಫ್ಯಾಟಿ ಆಸಿಡ್‌ನಿಂದಲೇ, ಡೈಎಥಿಲೀನ್‌ಟ್ರೈಅಮೈನ್‌ನಂಥ ಅಮೈನ್ ಜೊತೆ ಕಾಯಿಸಿ. ಆದರೆ ಹಿಡಿತಕ್ಕಾಗಿ ಅದು ಸುಣ್ಣವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಆಮ್ಲದ ಗ್ಯಾಸ್ ಬಂದರೆ ಇರಲಿ ಅಂತ ನಾನು ಸುಣ್ಣ ಹಾಕೇ ಹಾಕುತ್ತೇನೆ. ಬ್ಯಾರೈಟ್‌ಗೆ ಎಣ್ಣೆ ಹತ್ತಿಸುವುದರಲ್ಲೂ ಇದೇ ಮೇಲು. 150 ಡಿಗ್ರಿಯಲ್ಲಿ 16 ಗಂಟೆ ಹಾಟ್ ರೋಲ್ ಮಾಡಿದಾಗ (ಮುಚ್ಚಿದ ಪಾತ್ರೆಯಲ್ಲಿ ಉರುಳಿಸುತ್ತಾ ಕಾಯಿಸಿದಾಗ) ಇದರ ಫಿಲ್ಟ್ರೇಟ್‌ನಲ್ಲಿ ಬರೀ ಎಣ್ಣೆ ಬಂತು, ಒಂದು ಹನಿ ನೀರಿಲ್ಲ.

ಚಳಿಯಲ್ಲಿ ಪಾಲಿಅಮೈಡ್ ಡ್ರಮ್ ಒಳಗೇ ಗಟ್ಟಿಯಾಗುತ್ತದೆ, ಬೆಚ್ಚಗಿಡಬೇಕು.

ಬೇಸ್ ಆಯಿಲ್ (ಮಡ್‌ನ ಮೂಲ ಎಣ್ಣೆ) ಎಸ್ಟರ್ ಆಗಿದ್ದರೆ ಫ್ಯಾಟಿ ಆಸಿಡ್ ಬೇಡ. ಅದಕ್ಕೆ ಬೇಕಾದ ಸುಣ್ಣ ಬಿಸಿಯಲ್ಲಿ ಎಸ್ಟರನ್ನೇ ಒಡೆಯುತ್ತದೆ. ಇಂಟರ್ನಲ್ ಒಲೆಫಿನ್ ಎಂಬ ಬೇಸ್ ಆಯಿಲ್‌ಗೆ ಆ ತೊಂದರೆ ಇಲ್ಲ.

ಡ್ರಮ್ ಲೆಕ್ಕದಲ್ಲಿ ಪಾಲಿಅಮೈಡ್ ದುಬಾರಿ, ನಿಜ. ಆದರೆ ನನ್ನ ಮಡ್‌ಗೆ ಅದು ಕಡಿಮೆ ಸಾಕು, ಜೊತೆಗೆ ಎರಡನೇ ಎಮಲ್ಸಿಫೈಯರ್ ಖರ್ಚೂ ತಪ್ಪುತ್ತದೆ. ಜಾಸ್ತಿ ಆಳವಿಲ್ಲದ, ತಣ್ಣನೆಯ ಬಾವಿಗೆ ನಾನೂ ಫ್ಯಾಟಿ ಆಸಿಡನ್ನೇ ಕೊಳ್ಳುತ್ತೇನೆ. ರಿಗ್‌ನಲ್ಲಿ ರಾತ್ರಿ ಪಾಳಿ ಒಬ್ಬನೇ ನೋಡಿಕೊಳ್ಳುವ ನನಗೆ ಬಿಸಿ ಬಾವಿಯಲ್ಲಿ ಮಾತ್ರ ಪಾಲಿಅಮೈಡ್ ಬಿಟ್ಟು ಬೇರೆ ಬೇಡ. ಯಾವುದನ್ನೇ ಕೊಳ್ಳಿ, ಮೊದಲು ಸ್ಯಾಂಪಲ್ ತರಿಸಿ ನಿಮ್ಮದೇ ಬೇಸ್ ಆಯಿಲ್, ನಿಮ್ಮದೇ ಬ್ಯಾರೈಟ್ ಹಾಕಿ ಹಾಟ್ ರೋಲ್ ಮಾಡಿ ನೋಡಿ.