ಅಕ್ಕನ ಮಿದುಳಿನ ರಕ್ತಸ್ರಾವ: ಬೆಂಗಳೂರಿನ ಒಂದು ನರಶಸ್ತ್ರಚಿಕಿತ್ಸಾ ವಿಭಾಗದ ಸೇವೆ ಹೇಗಿತ್ತು

ಕಳೆದ ಮಾಘದಲ್ಲಿ, 54 ವರ್ಷದ ನನ್ನ ಅಕ್ಕನ ಮಿದುಳಿನ ರಕ್ತನಾಳದಲ್ಲಿದ್ದ ಒಂದು ಗುಳ್ಳೆ ಒಡೆದು, ಮಿದುಳಿನ ಸುತ್ತಲಿನ ನೀರಿನ ಪದರದೊಳಕ್ಕೆ ರಕ್ತ ಹರಿಯಿತು. ವೈದ್ಯರು ಆ ಗುಳ್ಳೆಯನ್ನು ಅನ್ಯೂರಿಸಂ ಎಂದೂ, ಆ ಸ್ರಾವವನ್ನು ಸಬ್‌ಅರಕ್ನಾಯ್ಡ್ ರಕ್ತಸ್ರಾವ ಎಂದೂ ಕರೆಯುತ್ತಾರೆ. ಅವಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 17 ದಿನ ಇದ್ದಳು. ಆಮೇಲಿನ ಆರು ತಿಂಗಳಲ್ಲಿ ನಾವು ಮೂರು ಬಾರಿ ಅಲ್ಲಿಗೆ ಹೋಗಿ ಬಂದೆವು. ಅಲ್ಲಿನ ಸೇವೆ ಹೇಗಿತ್ತು ಎಂಬುದನ್ನು ಇಂಥದೇ ಗಳಿಗೆಯಲ್ಲಿ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ನಿಲ್ಲಬಹುದಾದ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಆಸ್ಪತ್ರೆ ತಲುಪುವ ಮೊದಲೇ ನಾವು ಮೂರು ದಿನ ಕಳೆದುಕೊಂಡಿದ್ದೆವು ಎಂಬುದನ್ನು ಮೊದಲು ಹೇಳಬೇಕು. ಅಕ್ಕನ ಮನೆ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿದೆ. ಒಂದು ಸೋಮವಾರ ಮಧ್ಯಾಹ್ನ, ಅಟ್ಟದ ಮೇಲೆ ಒಣಗಿದ್ದ ಕೊಬ್ಬರಿ ಕಾಯಿಗಳನ್ನು ಇಳಿಸುತ್ತಿದ್ದಾಗ ಅವಳಿಗೆ ಇದ್ದಕ್ಕಿದ್ದಂತೆ ತಲೆನೋವು ಬಂತು. ನಿಧಾನವಾಗಿ ಏರುವ ನೋವು ಅದಾಗಿರಲಿಲ್ಲ; ಯಾರೋ ಹಿಂದಿನಿಂದ ಒನಕೆಯಲ್ಲಿ ಹೊಡೆದಂತಾಯಿತು ಎಂದು ಅವಳು ಭಾವನಿಗೆ ಹೇಳಿದಳಂತೆ. ಎರಡು ಬಾರಿ ವಾಂತಿಯಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಸಿಲಿನಿಂದ ಬಂದ ಅರೆತಲೆನೋವೆಂದು ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ನೋವು ಇಳಿಯಿತಾದರೂ ಕತ್ತು ಬಗ್ಗಿಸಲು ಆಗುತ್ತಿರಲಿಲ್ಲ. ಗುರುವಾರ ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಜ್ಞಾನತಪ್ಪಿ ಬಿದ್ದಳು. ಸೋಮವಾರದ್ದು ಗುಳ್ಳೆಯ ಸಣ್ಣ ಸೋರಿಕೆಯಾಗಿದ್ದು, ಗುರುವಾರ ಅದು ದೊಡ್ಡದಾಗಿ ಒಡೆದಿರಬಹುದು ಎಂದು ಆಮೇಲೆ ವೈದ್ಯರು ವಿವರಿಸಿದರು. ಕೆಲವೇ ಕ್ಷಣಗಳಲ್ಲಿ ತುತ್ತತುದಿಗೇರುವ, ಹಿಂದೆಂದೂ ಕಾಣದಂಥ ತಲೆನೋವಿಗೆ ಮಾತ್ರೆ ಕೊಡುವ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು, ನೋವು ಶುರುವಾದ ಆರು ಗಂಟೆಯೊಳಗೆ ಮಾಡಿದ ಸ್ಕ್ಯಾನಿನಲ್ಲಿ ಈ ರಕ್ತ ಕಣ್ತಪ್ಪುವುದು ಬಹಳ ಅಪರೂಪ. ದಿನ ಕಳೆದಂತೆ ಆ ಖಚಿತತೆ ಕಡಿಮೆಯಾಗುತ್ತದೆ. ಆಗ ಸ್ಕ್ಯಾನ್ ಚೆನ್ನಾಗಿದ್ದರೂ ಸಂಶಯ ಉಳಿದರೆ ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಹಳೆಯ ರಕ್ತದ ಹಳದಿ ಛಾಯೆ ಇದೆಯೇ ಎಂದು ನೋಡುತ್ತಾರೆ. ಇದಾವುದೂ ನಮಗೆ ಸೋಮವಾರ ಗೊತ್ತಿರಲಿಲ್ಲ.

ತುಮಕೂರಿನಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ, ಕಪ್ಪಾಗಿ ಕಾಣಬೇಕಾದ ನೀರಿನ ಜಾಗಗಳು ಬೆಳ್ಳಗೆ ಕಾಣುತ್ತಿದ್ದವು. ಅಲ್ಲಿನವರು ಸಮಯ ಹಾಳು ಮಾಡದೆ 108 ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿದರು. ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ನಿಂತಿದ್ದ ಆ ಇಪ್ಪತ್ತು ನಿಮಿಷಗಳನ್ನು ನಾನು ಎಂದಿಗೂ ಮರೆಯಲಾರೆ.

ತುರ್ತು ಚಿಕಿತ್ಸಾ ವಿಭಾಗದ ಬಗ್ಗೆ ನನ್ನಲ್ಲಿ ಯಾವ ದೂರೂ ಇಲ್ಲ. ತುಮಕೂರಿನ ಸ್ಕ್ಯಾನನ್ನೇ ನೋಡಿ, ಮತ್ತೊಮ್ಮೆ ಮಾಡಿಸಿ ಎನ್ನದೆ, ನೇರವಾಗಿ ಡೈ ಹಾಕಿ ಸಿ.ಟಿ. ಆಂಜಿಯೋಗ್ರಾಂ ತೆಗೆದರು. ಒಡೆದ ಗುಳ್ಳೆ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು ಎಂಬುದನ್ನು ಅರಿತವರ ನಡೆ ಅಲ್ಲಿ ಕಾಣುತ್ತಿತ್ತು. ರಕ್ತದೊತ್ತಡದ ಮೇಲಿನ ಅಂಕಿ 160 ದಾಟದಂತೆ ಔಷಧಿ ಹರಿಸಿದರು, ದೀಪ ಮಂದ ಮಾಡಿದರು, ವಾಂತಿ ಮತ್ತು ನೋವಿಗೆ ಕೊಡಬೇಕಾದದ್ದನ್ನು ಕೊಟ್ಟರು. ಬಲಗಡೆಯ ಮಧ್ಯ ಮಿದುಳು ಅಪಧಮನಿ ಕವಲೊಡೆಯುವ ಜಾಗದಲ್ಲಿ 6 ಮಿಲಿಮೀಟರಿನ ಗುಳ್ಳೆ ಇದೆ ಎಂದು ಮಧ್ಯಾಹ್ನದ ಹೊತ್ತಿಗೆ ನಮಗೆ ತಿಳಿಸಿದರು.

ನಾನು ಈ ವಿಭಾಗವನ್ನು ಮೆಚ್ಚಲು ಮುಖ್ಯ ಕಾರಣ ಆ ಸಂಜೆ ನಡೆದ ಮಾತುಕತೆ. ಗುಳ್ಳೆಯನ್ನು ಮುಚ್ಚಲು ಎರಡು ದಾರಿಗಳಿವೆ. ಮೊದಲನೆಯದು ತಲೆಬುರುಡೆ ತೆರೆದು, ಸೂಕ್ಷ್ಮದರ್ಶಕದಡಿ ಗುಳ್ಳೆಯ ಕತ್ತಿಗೆ ಪುಟ್ಟ ಲೋಹದ ಕ್ಲಿಪ್ ಹಾಕುವುದು; ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು 1937ರಲ್ಲಿ ಇದನ್ನು ಮೊದಲು ಮಾಡಿದರು. ಎರಡನೆಯದು ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಕೂದಲೆಳೆಯಂಥ ಕ್ಯಾತಿಟರ್ ತೂರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬುವುದು. ಇಟಲಿಯ ಗೀಡೋ ಗುಲ್ಯೆಲ್ಮಿ ರೂಪಿಸಿದ ಈ ಕಾಯಿಲ್‌ಗಳು ರೋಗಿಗಳಲ್ಲಿ ಬಳಕೆಗೆ ಬಂದದ್ದು 1990ರ ಸುಮಾರಿಗೆ. ತಲೆ ತೆರೆಯದೆ ಆಗುವ ಚಿಕಿತ್ಸೆಯೇ ಮೇಲೆಂದು ನಾವೆಲ್ಲರೂ ನಂಬಿಕೊಂಡೇ ಒಳಗೆ ಹೋಗಿದ್ದೆವು. ಒಂದೇ ಮೇಜಿನಲ್ಲಿ ಇಬ್ಬರು ವೈದ್ಯರು ಕುಳಿತಿದ್ದರು: ಕ್ಲಿಪ್ ಹಾಕುವ ಶಸ್ತ್ರವೈದ್ಯರು ಮತ್ತು ಕಾಯಿಲ್ ತುಂಬುವ ತಜ್ಞರು. ಕಾಯಿಲ್ ತಜ್ಞರೇ ಕಾಗದದ ಮೇಲೆ ಕವಲೊಡೆದ ನಾಳ ಬರೆದು, ಭಾವನ ಕಡೆಗೆ ತಿರುಗಿ, "ನೋಡಿ ಯಜಮಾನ್ರೇ, ಈ ಗುಳ್ಳೆಯ ಕತ್ತು ಅಗಲವಾಗಿದೆ. ಎರಡು ಕವಲುಗಳು ಕತ್ತಿನ ಬುಡದಿಂದಲೇ ಹೊರಟಿವೆ. ನಾನು ಸುರುಳಿ ತುಂಬಲು ಹೋದರೆ ಅದು ಹೊರಗೆ ಜಾರಿ ಕವಲನ್ನು ಮುಚ್ಚಬಹುದು. ನಿಮ್ಮ ಮನೆಯವರಿಗೆ ಕ್ಲಿಪ್ಪೇ ಸರಿ," ಎಂದರು.

ತನ್ನ ಕೈಯ ಚಿಕಿತ್ಸೆ ಇಲ್ಲಿ ಸಲ್ಲದು ಎಂದು ತಜ್ಞರೊಬ್ಬರು ತಾವಾಗಿ ಹೇಳಿದ ಆ ಮಾತು ನನ್ನ ಭಯವನ್ನು ಅರ್ಧಕ್ಕೆ ಇಳಿಸಿತು. ಆದರೂ ನಾನು ಮೊಬೈಲಿನಲ್ಲಿ ಓದಿದ್ದನ್ನು ಕೇಳಿದೆ. 2002ರಲ್ಲಿ ಪ್ರಕಟವಾದ, 2,143 ರೋಗಿಗಳ ಮೇಲೆ ನಡೆದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಸಾವು ಅಥವಾ ಪರಾವಲಂಬನೆಗೆ ಈಡಾದವರು ಕಾಯಿಲ್ ಗುಂಪಿನಲ್ಲಿ ಶೇ. 23.7 ಮತ್ತು ಕ್ಲಿಪ್ ಗುಂಪಿನಲ್ಲಿ ಶೇ. 30.6 ಇದ್ದರಲ್ಲವೇ ಎಂದೆ. ಶಸ್ತ್ರವೈದ್ಯರು ಬೇಸರಪಡದೆ ಉತ್ತರಿಸಿದರು: ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಎರಡು ಚಿಕಿತ್ಸೆಗಳಿಗೂ ಒಗ್ಗುವಂಥ ಗುಳ್ಳೆಗಳನ್ನು ಮಾತ್ರ, ಅದರಲ್ಲೂ ಅಕ್ಕನಿಗೆ ಇರುವ ಜಾಗದ ಗುಳ್ಳೆಗಳು ಅಲ್ಲಿ ಕಡಿಮೆ ಇದ್ದವು, ಹಾಗಾಗಿ ಆ ಅಂಕಿಯನ್ನು ತಂದು ಇಲ್ಲಿಗೆ ಹಾಗೆಯೇ ಅಂಟಿಸಲಾಗದು. ಮಾತುಕತೆ ಮುಕ್ಕಾಲು ಗಂಟೆ ನಡೆಯಿತು, ಪೂರ್ತಿ ಕನ್ನಡದಲ್ಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದು ಭಾವನಿಗೆ ನಿಜವಾಗಿಯೂ ತಿಳಿದಿತ್ತು. ಎರಡೂ ಚಿಕಿತ್ಸೆ ಒಂದೇ ಸೂರಿನಡಿ ಸಿಗುವ ಆಸ್ಪತ್ರೆಯನ್ನೇ ಹುಡುಕಿ ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುವುದು ಈ ಅನುಭವದಿಂದ. ಒಂದೇ ವಿದ್ಯೆ ಇರುವಲ್ಲಿ ಗುಳ್ಳೆಯ ಆಕಾರಕ್ಕೆ ತಕ್ಕ ಆಯ್ಕೆ ಸಿಗುವುದು ಕಷ್ಟ.

ಶುಕ್ರವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಐದು ಗಂಟೆ ನಡೆಯಿತು. ಕ್ಲಿಪ್ ಹಾಕಿದ ಮೇಲೆ ರಕ್ತಕ್ಕೆ ಒಂದು ಬಣ್ಣ ಸೇರಿಸಿ, ಅದು ಸೂಕ್ಷ್ಮದರ್ಶಕದಡಿ ಹೊಳೆಯುವುದನ್ನು ನೋಡಿ, ಗುಳ್ಳೆಗೆ ರಕ್ತ ಹೋಗುತ್ತಿಲ್ಲ ಮತ್ತು ಕವಲುಗಳು ತೆರೆದೇ ಇವೆ ಎಂದು ಖಾತ್ರಿಪಡಿಸಿಕೊಂಡರಂತೆ. ಗೆದ್ದೆವೆಂದು ನಾವು ಊರಿಗೆಲ್ಲ ಫೋನು ಮಾಡಿದೆವು. ಶಸ್ತ್ರವೈದ್ಯರು ಹೊರಗೆ ಬಂದು, "ಅರ್ಧ ದಾರಿ ಬಂದಿದ್ದೇವೆ ಸರ್, ಇನ್ನೆರಡು ವಾರ ನಾವು ಎಚ್ಚರದಿಂದ ಇರಬೇಕು," ಎಂದಾಗ ನನಗೆ ಅದು ಅವರ ಅತಿ ಎಚ್ಚರಿಕೆಯೆನಿಸಿತ್ತು.

ಆದರೆ ಅವರು ಹೇಳಿದ್ದೇ ನಡೆಯಿತು. ಸುತ್ತ ಹರಡಿದ ರಕ್ತ ಕರಗುತ್ತಾ ಬರುವಾಗ ಮಿದುಳಿನ ನಾಳಗಳು ಸೆಟೆದು ಕಿರಿದಾಗುತ್ತವೆ. ಸಾಮಾನ್ಯವಾಗಿ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಇದರ ಭಯ. ಅದರಿಂದ ಆಗುವ ಹಾನಿಯನ್ನು ತಗ್ಗಿಸಲು ನಿಮೋಡಿಪಿನ್ ಎಂಬ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂನಂತೆ 21 ದಿನ ಕೊಡುತ್ತಾರೆ. ಐಸಿಯುವಿನ ದಾದಿಯರು ಪ್ರತಿ ಗಂಟೆಗೂ ಅಕ್ಕನನ್ನು ಎಬ್ಬಿಸಿ, "ಅಮ್ಮಾ, ಹೆಸರು ಹೇಳಿ, ಇದು ಯಾವ ಊರು, ಎರಡೂ ಕೈ ಎತ್ತಿ ಹಿಡೀರಿ," ಎನ್ನುತ್ತಿದ್ದರು. ನಿದ್ದೆ ಕೆಡಿಸುತ್ತಾರೆಂದು ಭಾವ ಒಂದು ದಿನ ಗೊಣಗಿದ್ದೂ ಉಂಟು. ಏಳನೆಯ ದಿನ ರಾತ್ರಿ ಮೂರು ಗಂಟೆಗೆ, ಎತ್ತಿ ಹಿಡಿದ ಎಡಗೈ ನಿಧಾನವಾಗಿ ಕೆಳಕ್ಕೆ ಜಾರುವುದನ್ನು ಒಬ್ಬ ದಾದಿ ಗಮನಿಸಿದರು. ಹಿಂದಿನ ಗಂಟೆಯಲ್ಲಿ ಜಾರಿರಲಿಲ್ಲ. ಅರ್ಧ ಗಂಟೆಯೊಳಗೆ ವೈದ್ಯರು ಬಂದು ಸ್ಕ್ಯಾನ್ ಮಾಡಿಸಿದರು, ನಾಳ ಕಿರಿದಾಗಿತ್ತು. ಮೊದಲ ದಿನ ಇಳಿಸಿದ್ದ ರಕ್ತದೊತ್ತಡವನ್ನು ಈಗ ಬೇಕೆಂದೇ ಏರಿಸಿದರು, ಕಿರಿದಾದ ನಾಳದ ಮೂಲಕ ರಕ್ತ ನುಗ್ಗಲಿ ಎಂದು. ಗುಳ್ಳೆ ಮುಚ್ಚಿದ್ದರಿಂದಲೇ ಹಾಗೆ ಏರಿಸುವುದು ಸಾಧ್ಯವಾಯಿತು. ಎರಡು ದಿನದಲ್ಲಿ ಕೈ ಮೊದಲಿನಂತಾಯಿತು. ಆ ದಾದಿಯ ಹೆಸರು ನಮ್ಮ ಮನೆಯ ಎಲ್ಲರಿಗೂ ಗೊತ್ತು, ಅವರ ಅನುಮತಿ ಪಡೆದಿಲ್ಲವಾದ್ದರಿಂದ ಬರೆಯುವುದಿಲ್ಲ. ಅಕ್ಕ ಇಂದು ಎಡಗೈಯಲ್ಲಿ ಕೊಡ ಹಿಡಿಯುತ್ತಿರುವುದು ಅವರ ಕಣ್ಣಿನಿಂದ.

ಇನ್ನು ಕೊರತೆಗಳು. ದಾಖಲಾದ ದಿನ ಎರಡು ಲಕ್ಷ ರೂಪಾಯಿ ಮುಂಗಡ ಕಟ್ಟಿಸಿಕೊಂಡ ಕೌಂಟರಿನಲ್ಲಿ ಯಾರೂ ಸರ್ಕಾರದ ಯೋಜನೆಯ ಮಾತೆತ್ತಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ಭಾವನದು ಎಪಿಎಲ್ ಕಾರ್ಡು. ಸಿಗಬಹುದಾಗಿದ್ದ ನೆರವು ಚಿಕ್ಕದೇ ಇದ್ದರೂ, ಅದನ್ನು ಕೇಳಬಹುದಿತ್ತು ಎಂದು ತಿಳಿದದ್ದು ಮೂರನೆಯ ದಿನ, ಅದೂ ಪಕ್ಕದ ಹಾಸಿಗೆಯವರಿಂದ. ಅಷ್ಟರಲ್ಲಿ ನಗದು ರೋಗಿಯೆಂದು ನೋಂದಣಿ ಮುಗಿದಿತ್ತು, ಬದಲಾಯಿಸಲು ಒಪ್ಪಲಿಲ್ಲ. ಕೊನೆಯ ಬಿಲ್ಲು 7 ಲಕ್ಷ 80 ಸಾವಿರ. ಶಸ್ತ್ರಚಿಕಿತ್ಸೆಯ ಮೊತ್ತವನ್ನು ಮೊದಲೇ ಹೇಳಿದ್ದರು. ಹೆಚ್ಚಾದದ್ದು ಐಸಿಯುವಿನ ದಿನಗಳಿಂದ, ಮತ್ತು ಆ ದಿನಗಳು ಹೆಚ್ಚಾಗಬಹುದೆಂಬ ಅಂದಾಜನ್ನು ಮೊದಲ ದಿನವೇ ಕೊಡಬಹುದಿತ್ತು. ಬಳ್ಳಾರಿಯಿಂದಲೋ ಬೀದರಿನಿಂದಲೋ ಬಂದ ರೈತ ಕುಟುಂಬ ಆ ಕೌಂಟರಿನ ಮುಂದೆ ಏನು ಮಾಡುತ್ತದೆ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ರಾತ್ರಿ ಐಸಿಯು ಹೊರಗೆ ಕುಳಿತವರಿಗೆ ಸುದ್ದಿ ಹೇಳುವ ವ್ಯವಸ್ಥೆಯೂ ಇರಲಿಲ್ಲ. ಕೈ ಜಾರಿದ ಆ ರಾತ್ರಿ ಒಳಗೆ ಅಷ್ಟೆಲ್ಲ ನಡೆದದ್ದು ನಮಗೆ ಗೊತ್ತಾದದ್ದು ಬೆಳಿಗ್ಗೆ ಎಂಟಕ್ಕೆ.

ಬಿಡುಗಡೆಯ ದಿನ ಕೈಗಿತ್ತ ಏಳು ಪುಟಗಳ ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸಿದ ವಿಭಾಗ, ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳನ್ನು ಒಂದು ಪುಟದಷ್ಟಾದರೂ ಕನ್ನಡದಲ್ಲಿ ಬರೆದುಕೊಡಬೇಕಿತ್ತು. ನಿಮೋಡಿಪಿನ್ ಇನ್ನೂ ನಾಲ್ಕು ದಿನ ಉಳಿದಿತ್ತು. 30 ಮಿಲಿಗ್ರಾಂನ ಮಾತ್ರೆ, ಒಂದು ಸಲಕ್ಕೆ ಎರಡರಂತೆ ದಿನಕ್ಕೆ 12, ಒಟ್ಟು 48 ಬೇಕು. ಆಸ್ಪತ್ರೆಯ ಔಷಧಿ ಅಂಗಡಿ ಕೊಟ್ಟದ್ದು 20. ಉಳಿದದ್ದು ಊರಿನಲ್ಲಿ ಸಿಗುತ್ತದೆಂದು ಹೊರಟೆವು. ನಾವು ಕೇಳಿದ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗಲಿಲ್ಲ. ಬೆಂಗಳೂರಿನ ಸ್ನೇಹಿತರೊಬ್ಬರು ಬಸ್ಸಿನಲ್ಲಿ ಬರುತ್ತಿದ್ದವರ ಕೈಗೆ ಕೊಟ್ಟು ಕಳುಹಿಸಿದ್ದರಿಂದ ಒಂದು ಹೊತ್ತೂ ತಪ್ಪಲಿಲ್ಲ. ಈ ಔಷಧಿ ಬರೆಸಿಕೊಂಡು ಊರಿಗೆ ಹೊರಡುವವರು ಪೂರ್ತಿ ಲೆಕ್ಕ ಹಾಕಿ, ಮಾತ್ರೆ ಎಣಿಸಿಕೊಂಡೇ ಆಸ್ಪತ್ರೆಯ ಬಾಗಿಲು ದಾಟಬೇಕು.

ಆರು ತಿಂಗಳ ಭೇಟಿಗೆ ಹತ್ತು ಗಂಟೆಗೆ ಬರಹೇಳಿ ಒಂದೂವರೆಗೆ ಒಳಗೆ ಕರೆದರು. ಒಳಗೆ ಹೋದ ಮೇಲೆ ಅವಸರವಿರಲಿಲ್ಲ. ಕ್ಲಿಪ್ ಟೈಟಾನಿಯಂನದು, ಮುಂದೆ ಎಂಆರ್‌ಐ ಮಾಡಿಸಬೇಕಾದರೆ ಈ ಕಾರ್ಡು ತೋರಿಸಿ ಎಂದು ಅಕ್ಕನ ಕೈಗೇ ಒಂದು ಕಾರ್ಡು ಕೊಟ್ಟರು. ಅವಳು ಬೇಗ ದಣಿಯುತ್ತಾಳೆ, ಹೆಸರುಗಳನ್ನು ಮರೆಯುತ್ತಾಳೆ, ಸಣ್ಣದಕ್ಕೆ ಅಳುತ್ತಾಳೆ ಎಂದು ಭಾವ ಹೇಳಿದಾಗ, ಈ ರಕ್ತಸ್ರಾವದಿಂದ ಉಳಿದವರಲ್ಲಿ ಅದು ಬಹಳ ಸಾಮಾನ್ಯ, ಅವಳ ಸ್ವಭಾವ ಕೆಟ್ಟಿದೆಯೆಂದು ತಿಳಿಯಬೇಡಿ ಎಂದು ತಿದ್ದಿದರು. ಈ ಮಾತನ್ನು ಬಿಡುಗಡೆಯ ದಿನವೇ ಹೇಳಿದ್ದರೆ ಆರು ತಿಂಗಳ ಕಾಲ ಆ ಮನೆಯಲ್ಲಿ ಆದ ನೋವು ಕಡಿಮೆಯಾಗುತ್ತಿತ್ತು. ಬಿ.ಪಿ. ಮಾತ್ರೆ ಬಿಡಕೂಡದೆಂದರು, ಭಾವನ ಬೀಡಿಯ ಹೊಗೆಯೂ ಮನೆಯೊಳಗೆ ಬೇಡವೆಂದರು.

ಕೊನೆಗೆ ವೈದ್ಯರು ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ನಮ್ಮಮ್ಮ 48ನೆಯ ವಯಸ್ಸಿನಲ್ಲಿ, ತಲೆ ಹಿಡಿದುಕೊಂಡು ಕುಸಿದು ಒಂದೇ ದಿನದಲ್ಲಿ ತೀರಿಕೊಂಡರು. ನೆತ್ತಿಗೆ ರಕ್ತ ಏರಿತು ಎಂದಷ್ಟೇ ಆಗ ಊರಿನವರು ಹೇಳಿದ್ದರು. ಅದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟು, ಒಡೆಯದ ಗುಳ್ಳೆ ನೂರರಲ್ಲಿ ಸುಮಾರು ಮೂವರು ವಯಸ್ಕರಲ್ಲಿ ಇರುತ್ತದೆ, ಹೆಚ್ಚಿನವು ಜೀವಮಾನವಿಡೀ ಒಡೆಯುವುದೂ ಇಲ್ಲ, ಆದರೆ ಒಂದೇ ಕುಟುಂಬದ ಹತ್ತಿರದ ಇಬ್ಬರಿಗೆ ಆಗಿದ್ದರೆ ಉಳಿದವರು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು ಎಂದರು. ನನ್ನ ಎಂಆರ್ ಆಂಜಿಯೋಗ್ರಾಂ ಅರ್ಧ ಗಂಟೆಯೊಳಗೆ ಮುಗಿಯಿತು, ಗುಳ್ಳೆ ಇಲ್ಲ. ತಂಗಿಯದು ಮುಂದಿನ ತಿಂಗಳು 12ಕ್ಕೆ, ಅದೇ ವಿಭಾಗದಲ್ಲಿ.