ಸ್ಪ್ಲಿಟ್ ಪಿನ್ ತುಂಡಾಗಿ ಫ್ಯಾನು ಅಳಿವೆಯಲ್ಲಿ ಬಿತ್ತು: ಔಟ್‌ಬೋರ್ಡ್ ದೋಣಿಯವರು ದಯವಿಟ್ಟು ಓದಿ

ಕಾರವಾರದ ಕಾಳಿ ನದಿಯ ಅಳಿವೆ, ಇಳಿತದ ಹೊತ್ತು. ನದಿ ನೀರು ಹೊರಗೆ ನುಗ್ಗುತ್ತಿತ್ತು, ಮಧ್ಯಾಹ್ನದ ಪಡುಗಾಳಿ ಒಳಗೆ ಬೀಸುತ್ತಿತ್ತು. ಇವೆರಡೂ ಎದುರುಬದುರಾದಾಗ ಮರಳದಿಬ್ಬದ ಮೇಲೆ ತೆರೆ ಹೇಗೆ ನೆಟ್ಟಗೆ ಏಳುತ್ತದೆ ಎಂದು ಕೋಡಿಬಾಗ, ದೇವಬಾಗದವರಿಗೆ ಹೇಳಬೇಕಿಲ್ಲ. ಹಿಂಬದಿಯ ಹೊರಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದ, ನಾಲ್ವರಿದ್ದ ಫೈಬರ್ ನಾಡದೋಣಿಯೊಂದು ಬಲೆ ಎಳೆದುಕೊಂಡು ದಡಕ್ಕೆ ಮರಳುತ್ತಿತ್ತು. ಮುಂದೆ ಯಾರದೋ ಬಲೆಯ ಬೆಂಡು ಕಂಡಿತು. ಅದನ್ನು ತಪ್ಪಿಸಲು ದೋಣಿ ನಡೆಸುವ ತಾಂಡೇಲರು ಎಂಜಿನ್ನನ್ನು ರಿವರ್ಸಿಗೆ ಹಾಕಿದರು. ಎಂಜಿನ್ ಒಮ್ಮೆಲೇ ಜೋರಾಗಿ ಅರಚಿಕೊಂಡಿತು, ದೋಣಿ ಮಾತ್ರ ಹಿಂದೆ ಸರಿಯಲಿಲ್ಲ. ಎಂಜಿನ್ ಎತ್ತಿ ನೋಡಿದರೆ ಶಾಫ್ಟ್ ಬರಿದಾಗಿತ್ತು. ಫ್ಯಾನು, ಅಂದರೆ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್, ನೀರಿಗೆ ಬಿದ್ದಿತ್ತು, ನಟ್ಟೂ ಇರಲಿಲ್ಲ, ಹಿಂದಿನ ವಾಷರೂ ಇರಲಿಲ್ಲ.

ದೋಣಿ ತೆರೆಗೆ ಅಡ್ಡವಾಯಿತು. ಲಂಗರು ಹಗ್ಗದ ಸಮೇತ ಕೈಗೆ ಸಿಗುವಂತಿದ್ದದ್ದರಿಂದ ಎರಡನೇ ತೆರೆ ಬರುವಷ್ಟರಲ್ಲಿ ಅದನ್ನು ಇಳಿಸಿದರು, ಅದು ಮರಳಿನಲ್ಲಿ ಕಚ್ಚಿತು. ಇನ್ನೊಂದು ದೋಣಿ ಬಂದು ಎಳೆದುಕೊಂಡು ಹೋಯಿತು. ಜೀವ ಉಳಿಯಿತು, ಅರ್ಧ ಬಲೆ ಹೋಯಿತು. ಲಂಗರು ಬಲೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು.

ದಡದಲ್ಲಿ ನೋಡಿದಾಗ ಶಾಫ್ಟಿನ ತೂತಿನೊಳಗೆ ಸ್ಪ್ಲಿಟ್ ಪಿನ್ನಿನ (ಫ್ಯಾನಿನ ನಟ್ಟು ಬಿಚ್ಚದಂತೆ ತೂರಿಸಿ ಕಾಲು ಮಡಚುವ ಪಿನ್ನು) ನಡುತುಂಡು ಇನ್ನೂ ಇತ್ತು. ಎರಡೂ ತುದಿ ತೂತಿನ ಅಂಚಿನಲ್ಲೇ ಕತ್ತರಿಸಿಹೋಗಿದ್ದವು. ತುಂಡು ಕೆಂಪು ತುಕ್ಕಿನಿಂದ ಸೊರಗಿತ್ತು, ಅಯಸ್ಕಾಂತ ಹಿಡಿದರೆ ಟಕ್ಕೆಂದು ಅಂಟುತ್ತಿತ್ತು. ಅದು ಸತು ಲೇಪದ ಸಾದಾ ಕಬ್ಬಿಣದ ಪಿನ್ನು. ಕೆಲವು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ‘ಸ್ಟೀಲ್ ಪಿನ್ನೇ’ ಎಂದು ಕೊಟ್ಟಿದ್ದರಂತೆ. ಹೊಳೆಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ತೂತಿಗಿಂತ ಸಣ್ಣದೂ ಆಗಿತ್ತು.

ಇಲ್ಲಿ ನಡೆದದ್ದೇನು ಎಂದು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಪ್ರೊಪೆಲ್ಲರ್ ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್, ಪಿನ್ನು ಕಬ್ಬಿಣ, ಎರಡೂ ಉಪ್ಪುನೀರಿನಲ್ಲಿ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಕೀಳು ಲೋಹ ಕರಗುತ್ತದೆ. ಶಾಫ್ಟು ದೊಡ್ಡದು, ಪಿನ್ನು ಚಿಕ್ಕದು. ಆದ್ದರಿಂದ ಕರಗುವ ಭಾರವೆಲ್ಲ ಆ 3 ಮಿಲಿಮೀಟರ್ ತಂತಿಯ ಮೇಲೆ ಬೀಳುತ್ತದೆ. ಅದರ ಜೊತೆ ಪಿನ್ನು ಸಡಿಲವಿದ್ದರೆ ಎಂಜಿನ್ ನಡುಗಿದಾಗಲೆಲ್ಲ ನಟ್ಟು ಅದರ ಕಾಲುಗಳನ್ನು ಕುಟ್ಟುತ್ತದೆ. ತುಕ್ಕು ತಿಂದ ಜಾಗವನ್ನೇ ಆ ಪೆಟ್ಟು ಸವೆಸುತ್ತ ಹೋಗುತ್ತದೆ.

ಹಾಗಾದರೆ ನಟ್ಟು ಬಿದ್ದದ್ದು ಗೊತ್ತಾಗಲಿಲ್ಲವೇ? ಆಗುವುದಿಲ್ಲ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇದೇ. ದೋಣಿ ಮುಂದೆ ಹೋಗುವಾಗ ಫ್ಯಾನು ನೀರನ್ನು ಹಿಂದಕ್ಕೆ ತಳ್ಳಿ ತಾನು ಗೇರ್‌ಬಾಕ್ಸಿನ ಕಡೆಗೆ ಒತ್ತಿಕೊಳ್ಳುತ್ತದೆ. ನಟ್ಟು ಇಲ್ಲದೆಯೂ ಅದು ಮುಂದಿನ ಥ್ರಸ್ಟ್ ವಾಷರಿಗೆ (ಫ್ಯಾನಿನ ಒತ್ತಡ ಹೊರುವ ದಪ್ಪ ಉಂಗುರ) ಒರಗಿ ತಿರುಗುತ್ತಲೇ ಇರುತ್ತದೆ. ರಿವರ್ಸಿಗೆ ಹಾಕಿದ ಕ್ಷಣ ಒತ್ತಡ ತಿರುಗಿ ಫ್ಯಾನು ಹಿಂದಕ್ಕೆ ಎಳೆಯುತ್ತದೆ. ತಡೆಯಲು ನಟ್ಟಿಲ್ಲ, ಶಾಫ್ಟಿನ ಹಲ್ಲಿನ ಮೇಲಿಂದ ಜಾರಿ ಹೋಗುತ್ತದೆ. ಅಂದರೆ ಪಿನ್ನು ದಿನಗಳ ಹಿಂದೆಯೇ ಮುರಿದಿರಬಹುದು, ಫ್ಯಾನು ಬೀಳುವುದು ಮಾತ್ರ ಅಪಾಯ ತಪ್ಪಿಸಲು ರಿವರ್ಸ್ ಹಾಕಿದಾಗ.

ಪಿನ್ನು ಕೊಳ್ಳುವಾಗ ಹೀಗೆ ಮಾಡಿ. ಅಂಗಡಿಗೆ ಅಯಸ್ಕಾಂತ ಒಯ್ಯಿರಿ. ಗಟ್ಟಿಯಾಗಿ ಅಂಟಿದರೆ ಬೇಡ. ಬಾಗಿಸಿ ತಯಾರಿಸಿದ ಒಳ್ಳೆಯ 304 ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಸ್ವಲ್ಪ ಎಳೆಯಬಹುದು, ಹೆದರಬೇಡಿ. ಕಬ್ಬಿಣದ ಎಳೆತವೇ ಬೇರೆ, ಕೈಗೆ ಗೊತ್ತಾಗುತ್ತದೆ. ಆದರೆ 304 ಮತ್ತು 316 ನಡುವಿನ ವ್ಯತ್ಯಾಸವನ್ನು ಅಯಸ್ಕಾಂತ ಹೇಳುವುದಿಲ್ಲ. ಸಮುದ್ರಕ್ಕೆ ಬೇಕಾದದ್ದು 316. ಅದರಲ್ಲಿ 2ರಿಂದ 3 ಶೇಕಡ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿನ ಚುಚ್ಚುತುಕ್ಕನ್ನು ತಡೆಯುವುದು ಅದೇ. ಬೋಲ್ಟಿನ ತಲೆಯ ಮೇಲೆ ಎ4 ಎಂದಿದ್ದರೆ 316ರ ಜಾತಿ, ಎ2 ಎಂದಿದ್ದರೆ 304ರ ಜಾತಿ. ಪಿನ್ನಿನ ಮೇಲೆ ಗುರುತು ಹಾಕಲು ಜಾಗವಿಲ್ಲ, ಹಾಗಾಗಿ ಬಿಡಿಯಾಗಿ ಡಬ್ಬದಿಂದ ಎತ್ತಿಕೊಡುವ ಪಿನ್ನು ಬೇಡ. ಎಂಜಿನ್ ಕಂಪನಿಯ ಮುಚ್ಚಿದ ಪ್ಯಾಕೆಟ್ಟಿನದ್ದೇ ತನ್ನಿ, ಒಟ್ಟಿಗೆ ಹತ್ತು ತನ್ನಿ. ಮೊಳೆ ಬಗ್ಗಿಸಿ ಹಾಕುವುದು, ಜಿಐ ತಂತಿ ಸುತ್ತುವುದು, ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುವುದು, ಇವು ಮೂರೂ ಒಂದೇ ತಪ್ಪು. ಸ್ಪ್ಲಿಟ್ ಪಿನ್ನು ಒಂದು ಸಲದ ವಸ್ತು. ಒಮ್ಮೆ ಬಗ್ಗಿಸಿ ಬಿಚ್ಚಿದ ಕಾಲು ಆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ.

ಹಾಕುವ ಕ್ರಮ. ಎಂಜಿನ್ ಬಂದ್, ಗೇರ್ ನ್ಯೂಟ್ರಲ್, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಹೊರಗೆ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ. ಬೆರಳು ಉಳಿಯಬೇಕೆಂದರೆ ಇದರಲ್ಲಿ ಯಾವುದನ್ನೂ ಬಿಡಬೇಡಿ. ಫ್ಯಾನಿನ ಎಲೆಗೂ ಅದರ ಮೇಲಿನ ಚಪ್ಪಟೆ ಹಲಗೆಗೂ ನಡುವೆ ಮರದ ತುಂಡು ಕೊಟ್ಟರೆ ಫ್ಯಾನು ತಿರುಗುವುದಿಲ್ಲ. ಪಿನ್ನು ತೆಗೆದು ಎಸೆಯಿರಿ. ನಟ್ಟು, ವಾಷರ್, ಫ್ಯಾನು, ಒಳಗಿನ ಥ್ರಸ್ಟ್ ವಾಷರ್ ಇವನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ, ಯಾವ ಮುಖ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಥ್ರಸ್ಟ್ ವಾಷರಿನ ಒಳಗಿನ ಇಳಿಜಾರು ಶಾಫ್ಟಿನ ಇಳಿಜಾರಿನ ಮೇಲೆ ಕೂರಬೇಕು. ಅದನ್ನು ಮರೆತರೆ ಅಥವಾ ತಿರುಗಿಸಿ ಹಾಕಿದರೆ ಫ್ಯಾನು ಗೇರ್‌ಬಾಕ್ಸಿನ ಅಲ್ಯೂಮಿನಿಯಮ್ಮನ್ನು ಉಜ್ಜುತ್ತದೆ, ಕೆಲವೇ ದಿನಗಳಲ್ಲಿ ತೋಡು ಕೊರೆಯುತ್ತದೆ. ಶಾಫ್ಟಿನ ಹಲ್ಲುಗಳಿಂದ ಹಳೆಯ ಗ್ರೀಸ್ ಪೂರ್ತಿ ಒರೆಸಿ, ನೀರಿಗೆ ತೊಳೆದುಹೋಗದ ಮರೈನ್ ಗ್ರೀಸ್ ಹಚ್ಚಿ. ಗಾಡಿಯ ಚಕ್ರಕ್ಕೆ ಹಾಕುವ ಅಗ್ಗದ ಗ್ರೀಸ್ ಉಪ್ಪುನೀರಿನಲ್ಲಿ ಬೆಳ್ಳಗಾಗಿ ಹೋಗುತ್ತದೆ, ಆಮೇಲೆ ಫ್ಯಾನು ಶಾಫ್ಟಿಗೆ ಅಂಟಿ ಸುತ್ತಿಗೆ ಇಲ್ಲದೆ ಬರುವುದಿಲ್ಲ.

ನಟ್ಟನ್ನು ಎಂಜಿನ್ನಿನ ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. ಕೈಬಿಗಿ ಸಾಲದು. ನಟ್ಟಿನ ಸೀಳು ಶಾಫ್ಟಿನ ತೂತಿಗೆ ನೇರವಾಗದಿದ್ದರೆ, ಕೈಪಿಡಿ ಬೇರೆ ಹೇಳದ ಹೊರತು, ಮುಂದಿನ ಸೀಳಿನವರೆಗೆ ಇನ್ನಷ್ಟು ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಹೊಸ ಪಿನ್ನು ಹೆಬ್ಬೆರಳಿನ ಒತ್ತಿಗೆ ಒಳಗೆ ಹೋಗಬೇಕು, ಅತ್ತಿತ್ತ ಆಡಬಾರದು. ಕಾಲುಗಳನ್ನು ಎದುರುಬದುರು ದಿಕ್ಕಿಗೆ ನಟ್ಟಿಗೆ ಅಂಟುವಂತೆ ಮಡಚಿ. ಚಾಚಿಕೊಂಡ ಕಾಲು ಬಲೆಯ ಕಣ್ಣನ್ನು ಹಿಡಿಯುತ್ತದೆ. ಕೊನೆಗೆ ಫ್ಯಾನನ್ನು ಕೈಯಲ್ಲಿ ತಿರುಗಿಸಿ, ಉಜ್ಜುವ ಸದ್ದಿರಬಾರದು.

ಅದೇ ಎಂಜಿನ್ನಿನಲ್ಲಿ ಇನ್ನೂ ಮೂರು ದೋಷ ಸಿಕ್ಕವು. ಪಿನ್ನಿನ ವಿಷಯದಲ್ಲಿ ಎಡವಿದ ಕಡೆ ಉಳಿದ ಸಣ್ಣ ಸಾಮಾನುಗಳೂ ಹೀಗೇ ಇರುತ್ತವೆ.

ಮೊದಲನೆಯದು ನೈಲಾನ್ ದಾರ. ಥ್ರಸ್ಟ್ ವಾಷರಿನ ಹಿಂದೆ ಬಲೆಯ ತೆಳು ದಾರ ಸುತ್ತಿ, ಬಿಸಿಗೆ ಕರಗಿ ಉಂಗುರದಂತೆ ಗಟ್ಟಿಯಾಗಿತ್ತು. ಅದು ಶಾಫ್ಟಿನ ರಬ್ಬರ್ ಆಯಿಲ್ ಸೀಲನ್ನು ಕೊಯ್ದಿತ್ತು. ಗೇರ್ ಆಯಿಲ್ ಬಿಚ್ಚಿದರೆ ಹಾಲು ಬೆರೆಸಿದ ಚಹಾದ ಬಣ್ಣ, ಅಂದರೆ ನೀರು ಒಳಹೊಕ್ಕಿದೆ. ಬೀಡುಬಲೆ ಹಾಕುವ ದೋಣಿಗೆ ಇದು ತಪ್ಪದ ಕಾಟ. ಫ್ಯಾನಿಗೆ ಬಲೆ ಸಿಕ್ಕಿದಾಗ ಹೊರಗೆ ಕಾಣುವುದನ್ನಷ್ಟೇ ಕೊಯ್ದು ಬಿಡುತ್ತೇವೆ. ಒಳಗೆ ಸುತ್ತಿದ ದಾರ ಫ್ಯಾನು ಕಳಚದೆ ಕಾಣುವುದಿಲ್ಲ. ಬಲೆ ಸಿಕ್ಕಿದ ದಿನ ಸಂಜೆಯೇ ಕಳಚಿ ನೋಡಿ. ಸಿಗದಿದ್ದರೂ ಹದಿನೈದು ದಿನಕ್ಕೊಮ್ಮೆ ನೋಡಿ, ಪ್ರತಿ ಸಲ ಹೊಸ ಪಿನ್ನು.

ಗೇರ್ ಆಯಿಲನ್ನು 100 ಗಂಟೆಗೊಮ್ಮೆ ಬದಲಿಸುವುದು ಸಾಮಾನ್ಯ ನಿಯಮ. ಎಷ್ಟು ಆಯಿಲ್ ಹಿಡಿಯುತ್ತದೆ ಎಂಬುದು ಎಂಜಿನ್ನಿನ ಮಾದರಿಗೆ ತಕ್ಕಂತೆ ಬೇರೆ. ಕೆಳಗಿನ ತಿರುಪಿನ ತೂತಿನಿಂದಲೇ ಆಯಿಲ್ ಒತ್ತಬೇಕು, ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಆಯಿಲ್ ಹೊರಬಂದ ಮೇಲೆ ಮೊದಲು ಮೇಲಿನ ತಿರುಪು ಹಾಕಿ, ಆಮೇಲೆ ಕೆಳಗಿನ ನಳಿಕೆ ತೆಗೆದು ಕೆಳಗಿನದ್ದನ್ನು ಹಾಕಿ. ಎರಡೂ ತಿರುಪಿನ ಗ್ಯಾಸ್ಕೆಟ್ ವಾಷರ್ ಪ್ರತಿ ಸಲ ಹೊಸದಿರಲಿ. ಕೆಳಗಿನ ತಿರುಪಿನಲ್ಲಿ ಅಯಸ್ಕಾಂತವಿದ್ದರೆ ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಚೂರುಗಳು ಸಿಕ್ಕರೆ ಗೇರ್ ಹಲ್ಲು ಹೋಗುತ್ತಿದೆ.

ಎರಡನೆಯದು ಇಂಚಿನ ಬೋಲ್ಟು. ಎಂಜಿನ್ನಿನ ಕೆಳಭಾಗವನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಒಂದನ್ನು ಯಾರೋ ಬದಲಿಸಿದ್ದರು. ಮೂಲದ್ದು ಎಂ8, ಅಂದರೆ 8 ಮಿಲಿಮೀಟರ್ ದಪ್ಪದ್ದು, ಮರೆಯ (ತಿರುಪಿನ ಸುತ್ತುಗಳ) ಅಂತರ 1.25 ಮಿಲಿಮೀಟರ್. ಹಾಕಿದ್ದು 5/16 ಇಂಚಿನದ್ದು. ದಪ್ಪ 7.94 ಮಿಲಿಮೀಟರ್, ಕಣ್ಣಿಗೆ ಒಂದೇ. ಆದರೆ ಅದರ ಮರೆ ಇಂಚಿಗೆ 18, ಅಂದರೆ ಅಂತರ 1.41 ಮಿಲಿಮೀಟರ್. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ‘ಕೂತಿತು’ ಎಂದುಕೊಂಡು ಸ್ಪ್ಯಾನರಿಗೆ ಪೈಪ್ ಹಾಕಿ ತಿರುಗಿಸುತ್ತಾರೆ. ಸ್ಟೀಲಿನ ಮುಂದೆ ಅಲ್ಯೂಮಿನಿಯಮ್ ಮೆತ್ತಗೆ, ಒಳಗಿನ ಮರೆ ಪೂರ್ತಿ ಕಿತ್ತುಬರುತ್ತದೆ. ಎಂ6 ತೂತಿಗೆ ಕಾಲಿಂಚಿನ ಬೋಲ್ಟು ಹಾಕುವುದೂ ಇದೇ ಬಗೆಯ ಹಾಳು. ಹಳೆಯ ಬೋಲ್ಟನ್ನು ಒಯ್ದು ಹೊಸದರ ಮರೆಗೆ ಮರೆ ಕೂರಿಸಿ ಬೆಳಕಿಗೆ ಹಿಡಿಯಿರಿ, ನಡುವೆ ಸಂದು ಕಾಣಬಾರದು. ತೂತಿಗೆ ಹಾಕುವಾಗ ಕೊನೆಯ ಸುತ್ತಿನವರೆಗೆ ಬೆರಳಿನಲ್ಲೇ ಹೋಗಬೇಕು. ಬಿಗಿತಕ್ಕೆ ಕೈಪಿಡಿಯ ಲೆಕ್ಕವೇ ಲೆಕ್ಕ. ಅದು ಸಿಗದಿದ್ದರೆ ಎಂ6ಗೆ ಸುಮಾರು 8, ಎಂ8ಗೆ ಸುಮಾರು 18 ನ್ಯೂಟನ್ ಮೀಟರ್ ದಾಟಬೇಡಿ.

ಅಲ್ಯೂಮಿನಿಯಮ್ಮಿಗೆ ಹೋಗುವ ಪ್ರತಿ ಸ್ಟೀಲ್ ಬೋಲ್ಟಿನ ಮರೆಗೂ ಮರೈನ್ ಗ್ರೀಸ್ ಹಚ್ಚಿ. ತಾಮ್ರದ ಪುಡಿ ಅಥವಾ ಗ್ರಾಫೈಟ್ ಬೆರೆತ ಕಪ್ಪು, ಕಂದು ಪೇಸ್ಟ್ ಬೇಡ, ಉಪ್ಪುನೀರಿನಲ್ಲಿ ಅವೇ ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ಕಚ್ಚಿಕೊಂಡ ಬೋಲ್ಟಿನ ಜೊತೆ ಜಗಳ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಎಣ್ಣೆ ಒರೆಸಿ, ಪೆಟ್ರೋಲ್, ಸೀಮೆಎಣ್ಣೆ ಟ್ಯಾಂಕುಗಳನ್ನು ದೂರ ಒಯ್ದು, ಬೋಲ್ಟಿನ ಸುತ್ತಲ ಅಲ್ಯೂಮಿನಿಯಮ್ಮನ್ನು ಬಿಸಿ ಮಾಡಿ. ಅದು ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ತಲೆ ತುಂಡಾದರೆ ಮುಂದಿನ ಕೆಲಸ ಲೇತ್ ಇದ್ದವರದ್ದು.

ಮೂರನೆಯದು ಆನೋಡ್, ಕೆಲವರು ಝಿಂಕ್ ಎನ್ನುವ, ಎಂಜಿನ್ನಿನ ಬದಲು ತಾನು ಕರಗುವ ಆ ಬೂದು ತುಂಡು. ಎಂಜಿನ್ನಿಗೆ ಹೊಸ ಬಣ್ಣ ಬಳಿದವರು ಅದರ ಮೇಲೂ ಬಳಿದಿದ್ದರು. ಬಣ್ಣ ಮುಚ್ಚಿದ ಆನೋಡ್ ಇದ್ದೂ ಇಲ್ಲದಂತೆ. ಅದು ಕರಗಿದರೆ ಮಾತ್ರ ಎಂಜಿನ್ ಉಳಿಯುತ್ತದೆ, ಅರ್ಧ ಕರಗಿದಾಗ ಬದಲಿಸಿ. ಕೂರುವ ಜಾಗವನ್ನು ಲೋಹ ಹೊಳೆಯುವಂತೆ ಉಜ್ಜಿ. ಸದಾ ಕಡಲಿನಲ್ಲೇ ಇರುವ ದೋಣಿಗೆ ಸತು ನಡೆಯುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಗಳಲ್ಲಿ ಮಳೆಗಾಲದಲ್ಲಿ ನೀರು ಸಿಹಿಯಾಗುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ನದಿ, ಕಡಲು ಎರಡರಲ್ಲೂ ಓಡುವ ದೋಣಿಗೆ ಅಲ್ಯೂಮಿನಿಯಮ್ ಆನೋಡ್ ಒಳ್ಳೆಯದು.

ಹಿನ್ನೀರಿನಲ್ಲಿ 2ರಿಂದ 5 ಎಚ್‌ಪಿಯ ಸಣ್ಣ ಎಂಜಿನ್ ಇಟ್ಟುಕೊಂಡವರಿಗೆ ಒಂದು ಮಾತು. ಇವುಗಳಲ್ಲಿ ಹಲವಕ್ಕೆ ಫ್ಯಾನಿಗೂ ಶಾಫ್ಟಿಗೂ ನಡುವೆ ಶಿಯರ್ ಪಿನ್ನು ಇರುತ್ತದೆ. ಫ್ಯಾನು ಕಲ್ಲಿಗೋ ದಿಮ್ಮಿಗೋ ಬಡಿದಾಗ ಅದು ಮುರಿಯಲೆಂದೇ ಮೆತ್ತಗೆ ಮಾಡಿರುತ್ತಾರೆ. ‘ಪದೇ ಪದೇ ಮುರಿಯುತ್ತದೆ’ ಎಂದು ಡ್ರಿಲ್ ಬಿಟ್ಟಿನ ಕಡ್ಡಿಯನ್ನು ಕತ್ತರಿಸಿ ಹಾಕಿದರೆ ಮುಂದಿನ ಕಲ್ಲಿಗೆ ಗೇರ್ ಹಲ್ಲೇ ಮುರಿಯುತ್ತದೆ. ಇಲ್ಲಿ ಗಟ್ಟಿ ಪಿನ್ನು ಹಾಕುವುದೇ ತಪ್ಪು, ಕಂಪನಿ ಹೇಳಿದ್ದನ್ನಷ್ಟೇ ಹಾಕಿ.

ದೋಣಿಯಲ್ಲಿ ಯಾವಾಗಲೂ ಇರಬೇಕಾದದ್ದು: ನಾಲ್ಕು ಸ್ಪ್ಲಿಟ್ ಪಿನ್ನು, ಒಂದು ನಟ್ಟು, ಹಿಂದಿನ ಮುಂದಿನ ಎರಡೂ ವಾಷರ್, ಆ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಇಕ್ಕಳ, ಮರದ ತುಂಡು. ಸಾಧ್ಯವಿದ್ದರೆ ಹಳೆಯದಾದರೂ ಒಂದು ಫ್ಯಾನು. ಸಣ್ಣ ಸಾಮಾನೆಲ್ಲ ಗ್ರೀಸ್ ತುಂಬಿದ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯಲ್ಲಿರಲಿ, ಬಾಟಲಿಗೆ ದಾರ ಕಟ್ಟಿ. ಲಂಗರಿನ ಹಗ್ಗ ನೀರಿನ ಆಳದ ಐದು ಪಟ್ಟಾದರೂ ಇರಲಿ, ಅದರ ಮೇಲೆ ಬಲೆ ಹೇರಬೇಡಿ. ಕರಾವಳಿ ಕಾವಲು ಪಡೆಯ ನೆರವಿನ ಸಂಖ್ಯೆ 1554, ದೋಣಿಯ ಒಳಮೈಯಲ್ಲಿ ಬಣ್ಣದಲ್ಲೇ ಬರೆದಿಡಿ.

ಮತ್ತೆ ಪ್ರತಿದಿನ ಬೆಳಿಗ್ಗೆ ದಕ್ಕೆ ಬಿಡುವ ಮೊದಲು, ಹಗ್ಗ ಬಿಚ್ಚದೆಯೇ, ಎಂಜಿನ್ನನ್ನು ನಿಧಾನ ವೇಗದಲ್ಲಿ ಹತ್ತು ಸೆಕೆಂಡು ರಿವರ್ಸಿನಲ್ಲಿ ಓಡಿಸಿ. ನಟ್ಟು ಹೋಗಿದ್ದರೆ ಫ್ಯಾನು ಅಲ್ಲೇ, ಸೊಂಟದಾಳದ ನೀರಿನಲ್ಲಿ ಬೀಳುತ್ತದೆ. ಮುಳುಗಿ ಎತ್ತಿಕೊಂಡು ಹೊಸ ನಟ್ಟು, ಪಿನ್ನು ಹಾಕಿ ಹೊರಡಬಹುದು.