ಆಬ್ಜೆಕ್ಟ್ ಕಲಿಯೋಕೆ ಯಾವುದು ಮೊದಲು: ಪೈಥಾನ್, ಜಾವಾ, ಸಿ++?

ಹೋಲಿಸಿ ನೋಡಲು ಪುಟ್ಟ ಪ್ರೋಗ್ರಾಂ ಸಾಕು. ‘ಖಾತೆ’ ಅನ್ನೋ ಕ್ಲಾಸ್, ಅಂದರೆ ಅಚ್ಚು. ಅದರಲ್ಲಿ ‘ಶಿಲ್ಕು’ ಅನ್ನೋ ಫೀಲ್ಡ್ (ಮಾಹಿತಿ ಇಡುವ ಜಾಗ), ‘ಜಮಾ’ ಮತ್ತು ‘ಹಿಂಪಡೆ’ ಅನ್ನೋ ಎರಡು ಮೆಥಡ್ (ಮಾಡುವ ಕೆಲಸ). ಆ ಅಚ್ಚಿನಿಂದ ಎರಡು ಆಬ್ಜೆಕ್ಟ್, ಅಂದರೆ ಎರಡು ಬಿಡಿ ಖಾತೆ ಮಾಡಿ ಒಂದಕ್ಕೆ 500 ಜಮಾ ಮಾಡಿದರೆ, ಇನ್ನೊಂದರ ಶಿಲ್ಕು ಸೊನ್ನೆಯಲ್ಲೇ ಇರಬೇಕು. ಇದನ್ನೇ ಮೂರೂ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದು, ಹೊಸಬರು ಎಡವುವ ಕಡೆಯೆಲ್ಲ ಬೇಕೆಂದೇ ತಪ್ಪು ಮಾಡಿ ನೋಡಿದೆವು.

ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಮತ್ತು ಜಾವಾ ಎರಡೂ ಒಪ್ಪುತ್ತವೆ. ಆದರೆ ‘ರಾಜ್‌ಕುಮಾರ್’ ತರಹದ ಪದದಲ್ಲಿ ಅರ್ಧಾಕ್ಷರ ಬಿಡಿಸಲು ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಒಪ್ಪಲ್ಲ, ಎರರ್ ಕೊಡುತ್ತದೆ.

ಪೈಥಾನ್ ಶುರು ಮಾಡುವುದು ಬಲು ಸುಲಭ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಪಾತ್‌ಗೆ ಸೇರಿಸುವ ಟಿಕ್ ಹಾಕಿ, ಜೊತೆಗೇ ಬರುವ ಐಡಲ್ ಎಡಿಟರ್ ತೆರೆದು ಬರೆದರಾಯಿತು. ಖಾತೆ ಕ್ಲಾಸ್ ಹತ್ತು ಸಾಲಿನೊಳಗೆ ಮುಗಿಯುತ್ತದೆ. ತೊಂದರೆ ಆಮೇಲೆ. ಜಮಾ ಮೆಥಡ್‌ನಲ್ಲಿ ‘ಸೆಲ್ಫ್.ಶಿಲ್ಕು’ಗೆ (ಈ ಖಾತೆಯದೇ ಶಿಲ್ಕಿಗೆ) ಹೊಸ ಮೊತ್ತ ಕೊಡುವ ಬದಲು ಕೈತಪ್ಪಿ ‘ಸೆಲ್ಫ್.ಶಿಲ್ಕ’ಕ್ಕೆ ಕೊಟ್ಟರೆ ಎರರ್ ಬರಲ್ಲ. ‘ಶಿಲ್ಕ’ ಎಂಬ ಹೊಸ ಫೀಲ್ಡ್ ಸದ್ದಿಲ್ಲದೆ ಹುಟ್ಟುತ್ತದೆ, ನಿಜವಾದ ಶಿಲ್ಕು ಸೊನ್ನೆಯಲ್ಲೇ ಉಳಿಯುತ್ತದೆ. ಕಲಿಯುವವರು ತಪ್ಪು ಹುಡುಕುತ್ತಾ ಲೆಕ್ಕದ ಸಾಲನ್ನೇ ಮತ್ತೆ ಮತ್ತೆ ಓದುತ್ತಾರೆ.

ಇದಕ್ಕಿಂತ ದೊಡ್ಡ ಹೊಂಡ ಇನ್ನೊಂದಿದೆ. ವಹಿವಾಟು ಬರೆದಿಡಲು ಖಾಲಿ ಲಿಸ್ಟನ್ನು (ಪಟ್ಟಿಯನ್ನು), ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ‘ಇನಿಟ್’ ಮೆಥಡ್‌ನ ಹೊರಗೆ, ನೇರ ಕ್ಲಾಸ್‌ನ ಕೆಳಗೆ ಇಟ್ಟರೆ, ಒಂದು ಖಾತೆಗೆ ಅಪೆಂಡ್ ಮಾಡಿದ ವಹಿವಾಟು ಎಲ್ಲ ಖಾತೆಗಳಲ್ಲೂ ಕಾಣುತ್ತದೆ. ಕ್ಲಾಸ್‌ನ ಮೈಯಲ್ಲಿರುವ ಸಾಲು ಓಡುವುದು ಒಂದೇ ಸಲ, ಹಾಗಾಗಿ ಲಿಸ್ಟೂ ಒಂದೇ. ಇನಿಟ್ ಆದರೆ ಪ್ರತಿ ಆಬ್ಜೆಕ್ಟ್‌ಗೂ ಹೊಸದಾಗಿ ಓಡುತ್ತದೆ. ಲಿಸ್ಟನ್ನು ಅದರೊಳಗೆ ತನ್ನಿ, ಸರಿಹೋಗುತ್ತದೆ.

ಜಾವಾ ಎಂದರೆ ಹೊಸಬರು ಹೆದರುವುದು ಪ್ರೋಗ್ರಾಂ ಶುರುವಾಗುವ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಸಾಲಿಗೆ. ಅದಕ್ಕೆ ಮದ್ದು ಬ್ಲೂಜೆ. ಪುಕ್ಕಟೆ ಸಿಗುತ್ತದೆ, ಕಲಿಯುವವರಿಗೆಂದೇ ಮಾಡಿದ ಸಾಫ್ಟ್‌ವೇರ್. ನ್ಯೂ ಕ್ಲಾಸ್ ಒತ್ತಿ, ಖಾತೆ ಬರೆದು, ಕಂಪೈಲ್ ಮಾಡಿ (ಬರೆದದ್ದನ್ನು ಓಡಿಸಬಹುದಾದ ರೂಪಕ್ಕೆ ತರುವುದು). ಕ್ಲಾಸ್‌ನ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಖಾತೆ’ ಆರಿಸಿದರೆ ಕೆಳಗಿನ ಪಟ್ಟಿಯಲ್ಲಿ ಕೆಂಪು ಡಬ್ಬಿಯೊಂದು ಬಂದು ಕೂರುತ್ತದೆ. ಅದೇ ಆಬ್ಜೆಕ್ಟ್. ಎರಡನೆಯದನ್ನೂ ಮಾಡಿ. ಮೊದಲನೆಯದರ ಮೇಲೆ ರೈಟ್ ಕ್ಲಿಕ್ ಮಾಡಿ ಜಮಾ ಕರೆದರೆ ಮೊತ್ತ ಕೇಳುತ್ತದೆ, 500 ಕೊಡಿ. ಎರಡರ ಮೇಲೂ ಡಬಲ್ ಕ್ಲಿಕ್ ಮಾಡಿದರೆ ಒಂದರಲ್ಲಿ 500, ಇನ್ನೊಂದರಲ್ಲಿ 0. ಮೇನ್ ಬರೆದೇ ಇಲ್ಲ! ಕ್ಲಾಸ್ ಬೇರೆ, ಆಬ್ಜೆಕ್ಟ್ ಬೇರೆ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸುವ ದಾರಿ ಉಳಿದೆರಡರಲ್ಲಿ ನಮಗೆ ಸಿಗಲಿಲ್ಲ.

ಶಿಲ್ಕು ಬರೆಯುವಾಗ ಕಾಗುಣಿತ ತಪ್ಪಿದರೆ ಜಾವಾ ಕಂಪೈಲ್ ಆಗುವುದೇ ಇಲ್ಲ. ಫೀಲ್ಡನ್ನು ಪ್ರೈವೇಟ್ ಮಾಡಿ ಹೊರಗಿನಿಂದ ಮುಟ್ಟಲು ಹೋದರೂ ಅಲ್ಲೇ ತಡೆ. ಜಾವಾದಲ್ಲಿ ಎಡವುವ ಜಾಗ ಬೇರೆ: ಐದು ಖಾತೆಗಳ ಅರೇ (ಒಂದೇ ಬಗೆಯವನ್ನು ಸಾಲಾಗಿಡುವ ಪಟ್ಟಿ) ಮಾಡಿದರೆ ಬರುವುದು ಐದು ಖಾಲಿ ಜಾಗ, ಖಾತೆಗಳಲ್ಲ. ಲೂಪ್ ಹಾಕಿ ಒಂದೊಂದಕ್ಕೂ ‘ನ್ಯೂ’ ಹೇಳದಿದ್ದರೆ ಬಳಸಿದೊಡನೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಂಬ ಎರರ್ ಖಚಿತ. ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ಒಂದೇನಾ ಎಂದು ನೋಡಲು ‘ಈಕ್ವಲ್ಸ್’ ಬಳಸಿ, ಜೋಡಿ ಸಮಚಿಹ್ನೆ (==) ಬೇಡ.

ಸಿ++ ಅನ್ನು ಮೊದಲಿಗೇ ಹಿಡಿಯಬೇಡಿ. ಅದರಲ್ಲಿ ಒಂದು ಖಾತೆಯನ್ನು ಇನ್ನೊಂದಕ್ಕೆ ಅಸೈನ್ ಮಾಡಿದರೆ ಒಳಗಿದ್ದದ್ದು ನಕಲಾಗುತ್ತದೆ. ಪೈಥಾನ್, ಜಾವಾದಲ್ಲಿ ಒಂದೇ ಖಾತೆಗೆ ಎರಡು ಹೆಸರಾಗುತ್ತದೆ. ಪಾಯಿಂಟರ್ (ಮೆಮೊರಿಯ ವಿಳಾಸ), ಮೆಮೊರಿ ಬಿಡಿಸುವುದು, ‘ವರ್ಚುವಲ್’ ಎಂಬ ಕೀವರ್ಡ್ ಎಲ್ಲ ಒಟ್ಟಿಗೇ ಮೈಮೇಲೆ ಬಂದರೆ ಆಬ್ಜೆಕ್ಟ್ ವಿಚಾರ ಹಿಂದೆ ಬೀಳುತ್ತದೆ.

ಲೂಪ್, ಫಂಕ್ಷನ್ ಇನ್ನೂ ಗೊತ್ತಿಲ್ಲದಿದ್ದರೆ ಪೈಥಾನ್‌ನಲ್ಲಿ ಅವನ್ನು ಮುಗಿಸಿ. ಅವು ಬರುತ್ತವೆ ಎಂದಾದರೆ ನೇರ ಬ್ಲೂಜೆಗೆ ಬನ್ನಿ. ಖಾತೆಯಲ್ಲಿದ್ದದ್ದೆಲ್ಲ ಪಡೆಯುವ ಹೊಸ ಕ್ಲಾಸಾಗಿ, ಖಾತೆಯಿಂದ ‘ಉಳಿತಾಯ ಖಾತೆ’ಯನ್ನು ಎಕ್ಸ್‌ಟೆಂಡ್ ಮಾಡಿ, ಅದರಲ್ಲಿ ‘ಹಿಂಪಡೆ’ಯನ್ನು ಬೇರೆ ರೀತಿ ಬರೆದು ಓವರ್‌ರೈಡ್ ಮಾಡುವುದು ಬಂದ ಮೇಲೆ ಮೇನ್ ಬರೆಯಿರಿ. 2025ರ ಜಾವಾ 25ರಿಂದ ಅದಕ್ಕೆ ಬರೀ ‘ವಾಯ್ಡ್ ಮೇನ್’ ಅಂದರೆ ಸಾಕು.